ಕಾವಲುಗಾರನ ನಿದ್ದೆ

ನಿದ್ದೆ ಬರುವುದಿಲ್ಲ ಎಂದು ಒಮ್ಮೆ ಬಾಯಿಬಿಟ್ಟರೆ ಸಾಕು, ಊರಿನಲ್ಲಿ ಪ್ರತಿಯೊಬ್ಬನೂ ಡಾಕ್ಟರಾಗಿಬಿಡುತ್ತಾನೆ. ಹನೂರು ದಾಟಿದ ಮೇಲೆ ಸಿಗುವ ಆ ಕಾಡಂಚಿನ ಊರಿನಲ್ಲಿ ರುದ್ರಸ್ವಾಮಿಗೆ ಆದದ್ದೂ ಅದೇ. ಅಂಗಾಲಿಗೆ ಹರಳೆಣ್ಣೆ ತಿಕ್ಕು ಎಂದರು, ತಿಕ್ಕಿದ. ಗಸಗಸೆ ಪಾಯಸ ಕುಡಿ ಎಂದರು, ಕುಡಿದ. ಎಮ್ಮೆ ಹಾಲು, ಹಸಿ ಈರುಳ್ಳಿ, ನೆತ್ತಿಗೆ ಲೋಳೆಸರ, ಒಂದನ್ನೂ ಬಿಡಲಿಲ್ಲ. ಹೊಟ್ಟೆ ಕೆಟ್ಟಿತು, ತಲೆದಿಂಬು ಜಿಡ್ಡಾಯಿತು, ನಿದ್ದೆ ಮಾತ್ರ ಅವನ ಮನೆಯ ಕಡೆ ತಲೆ ಹಾಕಲಿಲ್ಲ.

ಹಾಳಾಗಿ ಹೋಗಲಿ, ಬರದಿದ್ದರೆ ಬೇಡ ಎನ್ನಬಹುದಿತ್ತು. ಹಾಗೆನ್ನುವ ಹಾಗಿರಲಿಲ್ಲ, ಯಾಕೆಂದರೆ ಹೆಂಡತಿ ದೊಡ್ಡಬಸಮ್ಮ ಮನೆ ಬಿಟ್ಟು ಮೂರು ವಾರವಾಗಿತ್ತು. ಜಗಳವಾಡಿ ಹೋದವಳಲ್ಲ. ಬಿ.ಪಿ. ಏರಿ, ಕಣ್ಣ ಕೆಳಗೆ ಕಪ್ಪು ಕಟ್ಟಿ, ಕೈ ನಡುಗಲು ಶುರುವಾದಾಗ, ರಾತ್ರಿ ಸರಿಯಾಗಿ ನಿದ್ದೆ ಮಾಡದಿದ್ದರೆ ಕಷ್ಟ ಎಂದು ಯಳಂದೂರಿನ ಡಾಕ್ಟರು ಗದರಿಸಿದ್ದರು. ಅವಳು ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಅಗರದಲ್ಲಿರುವ ತಮ್ಮನ ಮನೆಗೆ ಹೊರಟುಬಿಟ್ಟಳು. "ನೀವು ಮೊದ್ಲು ಮನುಷ್ಯರಂಗೆ ಮಲಿಕಳಾಕೆ ಕಲೀರಿ. ಆಮೇಲೆ ಕರೀರಿ, ಬತ್ತೀನಿ" ಎಂದು ಬಸ್ಸು ಹತ್ತುವಾಗ ಹೇಳಿದ್ದಳು.

ಮನುಷ್ಯರಂತೆ ಮಲಗುವುದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಅಪ್ಪ ಅವನನ್ನು ಹೊಲದಂಚಿನ ಮರದ ಮೇಲೆ ಕಟ್ಟಿದ ಅಟ್ಟಣೆಗೆ ಹತ್ತಿಸಿದ. ಕೈಗೊಂದು ಟಾರ್ಚು, ಒಂದು ಖಾಲಿ ಎಣ್ಣೆ ಡಬ್ಬ, ಬಡಿಯಲು ಒಂದು ಕೋಲು. ಕಾಡಿನಿಂದ ಹಂದಿ ಬಂದರೆ ಬಡಿಯಬೇಕು, ಆನೆ ಬಂದರೆ ಇನ್ನೂ ಜೋರಾಗಿ ಬಡಿಯಬೇಕು. ರಾಗಿ ತೆನೆ ಕಟ್ಟಿದಾಗಿಂದ ಕಣಕ್ಕೆ ಬರುವವರೆಗೆ, ಜೋಳ ಹಾಲುಗಾಳಾದಾಗಿಂದ ಮುರಿಯುವವರೆಗೆ, ವರ್ಷಕ್ಕೆ ಐದಾರು ತಿಂಗಳು ಅವನ ರಾತ್ರಿಯೆಲ್ಲ ಆ ಮರದ ಮೇಲೆಯೇ. ಮದುವೆಯಾದ ಹೊಸತರಲ್ಲಿ ಒಂದು ವಾರ ರಜೆ ಸಿಕ್ಕಿತ್ತಂತೆ. ಅದನ್ನೂ ಅಪ್ಪ ಮುಖ ಗಂಟಿಕ್ಕಿಕೊಂಡೇ ಕೊಟ್ಟಿದ್ದ.

ಹೀಗೆ ಮೂವತ್ತೈದು ವರ್ಷ. ಮಗಳು ಕವಿತ ಹುಟ್ಟಿದಳು, ಬೆಳೆದಳು, ಮುಳ್ಳೂರಿಗೆ ಸೊಸೆಯಾಗಿ ಹೋದಳು, ರುದ್ರಸ್ವಾಮಿ ಅಟ್ಟಣೆಯಲ್ಲೇ ಇದ್ದ. ನಾಲ್ಕು ವರ್ಷದ ಹಿಂದೆ ಕಾಡಿನಂಚಿಗೆ, ಪ್ರಾಣಿ ಮುಟ್ಟಿದರೆ ಶಾಕ್ ಹೊಡೆಯುವ ಸೋಲಾರ್ ತಂತಿ ಬೇಲಿ ಬಂತು. ಊರಿನವರು ಹಬ್ಬ ಮಾಡಿದರು, ಅಟ್ಟಣೆಗಳನ್ನು ಬಿಚ್ಚಿ ಸೌದೆ ಮಾಡಿದರು, ಎಲ್ಲರೂ ಮನೆಗೆ ಹೋಗಿ ಕಂಬಳಿ ಹೊದ್ದು ಗೊರಕೆ ಹೊಡೆದರು. ರುದ್ರಸ್ವಾಮಿಯೂ ಕಂಬಳಿ ಹೊದ್ದ. ಗೊರಕೆ ಬರಲಿಲ್ಲ ಅಷ್ಟೆ.

ಎಲೆ ಅಲುಗಿದರೆ ಎದ್ದು ಕೂರುತ್ತಿದ್ದ. ನಾಯಿ ಬೊಗಳಿದರೆ ಟಾರ್ಚು ಹಿಡಿದು ಹೊಲಕ್ಕೆ ಓಡುತ್ತಿದ್ದ. ಅವನ ಮನೆ ಹೊಲದ ಮಗ್ಗುಲಲ್ಲೇ ಇತ್ತಾದ್ದರಿಂದ ಓಡುವುದಕ್ಕೆ ದೂರವೂ ಇರಲಿಲ್ಲ. ಒಂದು ಸುತ್ತು ಡಬ್ಬ ಬಡಿದು ಬರುತ್ತಿದ್ದ, ಮತ್ತೆ ಮಲಗುತ್ತಿದ್ದ, ಮತ್ತೆ ಏಳುತ್ತಿದ್ದ. "ತಂತಿ ಐತಲ್ಲ, ಇನ್ಯಾಕ್ರೀ ನಿಮ್ಗೆ ಈ ಉಸಾಬರಿ?" ಎಂದು ದೊಡ್ಡಬಸಮ್ಮ ಕೇಳಿದರೆ ಅವನು ಟಾರ್ಚಿನ ಶೆಲ್ಲು ತಿರುಗಿಸಿ ಹಾಕುತ್ತಿದ್ದ. ತನ್ನ ಡಬ್ಬದ ಸದ್ದಿಗೆ ಅವಳ ನಿದ್ದೆ ಕೆಡುತ್ತಿದೆ, ಅದಕ್ಕೇ ಬಿ.ಪಿ. ಏರಿದೆ ಎಂಬುದು ಮಾತ್ರ ಅವನಿಗೆ ಖಚಿತವಾಗಿತ್ತು. ನಾಚಿಕೆಯೂ ಆಗುತ್ತಿತ್ತು. ಗಂಡನ ಕಾಟ ತಾಳಲಾರದೆ ಐವತ್ತು ದಾಟಿದ ಹೆಂಗಸು ತವರು ಸೇರಿದಳು ಎಂದರೆ ಅದೇನು ಕಡಿಮೆ ಮರ್ಯಾದೆಯೇ!

ಬೆಳಗಾದರೆ ಫೋನು ಬರುತ್ತಿತ್ತು. "ಬಂತಾ?" ಎಂದು ಕೇಳುತ್ತಿದ್ದಳು. "ಇಲ್ಲ ಕಣಮ್ಮಿ" ಎನ್ನುತ್ತಿದ್ದ. ಒಮ್ಮೆ ಬಂತು ಎಂದು ಸುಳ್ಳು ಹೇಳಿ ನೋಡಿದ. "ಆಕಳುಸ್ಕಂಡು ಸುಳ್ ಯೋಳ್ತೀರಲ್ಲ" ಎಂದು ಅವಳು ಫೋನಿಟ್ಟಳು. ಆ ದಿನ ಅವನಿಗೆ ಊಟ ಸೇರಲಿಲ್ಲ. ಅವಳಿಲ್ಲದ ಮನೆ ಅವನಿಗೆ ಬೇಡವಾಗಿತ್ತು, ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದೋ ತಿಳಿಯದೆ ಹಸುವಿನ ಹತ್ತಿರ ಹೇಳಿಕೊಂಡ.

ಊರಿನ ಆರೋಗ್ಯ ಉಪಕೇಂದ್ರಕ್ಕೆ ಕೊಳ್ಳೇಗಾಲದ ಕಡೆಯ ಹುಡುಗಿ ಸೌಮ್ಯ ನರ್ಸಾಗಿ ಬಂದು ಒಂದು ವರ್ಷವಾಗಿತ್ತು. ಬುಧವಾರ ಬುಧವಾರ ಬಿ.ಪಿ., ಶುಗರ್ ಇದ್ದವರನ್ನೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಲಾಗಿ ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದಳು. ಮೂರು ದಿನದ ಟ್ರೈನಿಂಗಿನಲ್ಲಿ ಅವಳೂ ಅದನ್ನು ಹೊಸದಾಗಿ ಕಲಿತು ಬಂದಿದ್ದಳು. ರುದ್ರಸ್ವಾಮಿ ಹೋಗಿ ಕಡೆಯ ಕುರ್ಚಿಯಲ್ಲಿ ಕೂತ.

"ಇದಕ್ಕೆ ಮೈಂಡ್‌ಫುಲ್‌ನೆಸ್ ಅಂತಾರೆ. ಎಚ್ಚರದ ಧ್ಯಾನ ಅಂದ್ಕೊಳ್ಳಿ" ಎಂದಳು ಸೌಮ್ಯ.

"ನಂಗಿರೋ ಕಾಯ್ಲೇನೇ ಎಚ್ಚರ ಕಣ್ ಮೇಡಂ. ಇದ್ಕೆ ಅದ್ನೇ ಮದ್ದು ಕೊಟ್ರೆ ಎಂಗೆ?" ಎಂದ ರುದ್ರಸ್ವಾಮಿ. ಮುಂದಿನ ಸಾಲಿನ ಹೆಂಗಸರು ಕಿಸಕ್ಕೆಂದರು.

ಸೌಮ್ಯ ಸಿಟ್ಟಾಗಲಿಲ್ಲ. ಉಸಿರು ಒಳಗೆ ಬರುವುದನ್ನು, ಹೊರಗೆ ಹೋಗುವುದನ್ನು ಸುಮ್ಮನೆ ಗಮನಿಸಬೇಕು ಎಂದಳು. ಯೋಚನೆ ಬಂದರೆ ಅದರ ಹಿಂದೆ ಹೋಗಬಾರದು. ಏನಾದರೂ ಸದ್ದು ಕೇಳಿದರೆ ಅದಕ್ಕೊಂದು ಹೆಸರಿಟ್ಟು ಬಿಟ್ಟುಬಿಡಬೇಕು, ಮತ್ತೆ ಉಸಿರಿಗೆ ಬರಬೇಕು. ಎಲ್ಲಕ್ಕಿಂತ ದೊಡ್ಡದನ್ನು ಕೊನೆಗೆ ಹೇಳಿದಳು. "ನಿದ್ದೆ ಬರಲಿ ಅಂತ ಇದನ್ನ ಮಾಡಬಾರದು, ರುದ್ರಣ್ಣ. ಬಂದ್ರೂ ಸರಿ, ಬರದಿದ್ರೂ ಸರಿ ಅಂತ ಮಲಗಬೇಕು. ಬಾ ಬಾ ಅಂತ ಕರೆದಷ್ಟೂ ಅದು ಹತ್ತಿರ ಬರಲ್ಲ."

ರುದ್ರಸ್ವಾಮಿ ಮನೆಯವರೆಗೂ ಇದನ್ನೇ ಯೋಚಿಸುತ್ತಾ ನಡೆದ. ನಿದ್ದೆ ಬರಲಿ ಎಂದು ಮಾಡಬಾರದಂತೆ. ಹಾಗಾದರೆ ಇನ್ನು ಯಾತಕ್ಕೆ ಮಾಡುವುದು? ಬರದಿದ್ದರೂ ಸರಿ ಎನ್ನಬೇಕಂತೆ. ಬರದಿದ್ದರೆ ಹೆಂಡತಿ ಅಗರದಲ್ಲೇ ಇರುತ್ತಾಳೆ, ಅದು ಹೇಗೆ ಸರಿಯಾಗುತ್ತದೆ? ನಿದ್ದೆ ಬೇಡ ಬೇಡ ಎಂದು ಒಳಗೊಳಗೇ ಬೇಕು ಬೇಕು ಎಂದರೆ ಯಾರಿಗೆ ಗೊತ್ತಾಗುತ್ತದೆ, ಯಾರು ಬಂದು ನೋಡುತ್ತಾರೆ? ಈ ಹುಡುಗಿಗೆ ತಲೆ ನೆಟ್ಟಗಿದೆಯೋ ಇಲ್ಲವೋ, ಇಲ್ಲ ತನ್ನದೇ ಕೆಟ್ಟಿದೆಯೋ ಎಂದು ಅವನಿಗೆ ತಿಳಿಯಲಿಲ್ಲ.

ಆದರೂ ಮಾಡಿದ. ಮಾಡಿದ್ದನ್ನು ಕೇಳಿದರೆ ನಗಬೇಕೋ ಅಳಬೇಕೋ. ಮೂವತ್ತೈದು ವರ್ಷ ಹೊಲ ಕಾದ ಮನುಷ್ಯನ ಕೈಗೆ ಉಸಿರನ್ನು ಕೊಟ್ಟರೆ ಅವನು ಅದನ್ನೂ ಕಾಯದೆ ಬಿಡುತ್ತಾನೆಯೇ? ಒಳಗೆ ಬಂದದ್ದು ಹೊರಗೆ ಹೋಯಿತಾ ಎಂದು ನೋಡಿದ. ಹೋದದ್ದು ವಾಪಸು ಬಂತಾ ಎಂದು ನೋಡಿದ. ಹನ್ನೊಂದನೆಯ ಉಸಿರು ಕಣ್ತಪ್ಪಿಸಿ ಹೋದಂತೆನಿಸಿ ಎದ್ದೇ ಕೂತ. ಬೆಳಗಿನ ಜಾವದ ಹೊತ್ತಿಗೆ ಅವನಿಗೆ ಎದೆನೋವು ಬಂದಂತಾಗಿತ್ತು.

ಮುಂದಿನ ಬುಧವಾರ ಇದನ್ನು ಹೇಳಿದಾಗ ಸೌಮ್ಯ ನಕ್ಕಳು. "ಕಾವಲು ಬೇಡ ರುದ್ರಣ್ಣ, ಸುಮ್ಮನೆ ನೋಡಿ ಸಾಕು."

"ಕಾವ್ಲು ಅಂದ್ರೂ ನೋಡೋದೇ ತಾನೇ ಮೇಡಂ?"

ಆ ಪ್ರಶ್ನೆ ಟ್ರೈನಿಂಗಿನಲ್ಲಿ ಯಾರೂ ಕೇಳಿರಲಿಲ್ಲ. "ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಕೊಂಡು ನೋಡ್ತೀರಲ್ಲ, ಹಾಗೆ" ಎಂದಳು ಸೌಮ್ಯ. ಮಾತು ಚೆನ್ನಾಗಿತ್ತು. ಆದರೆ ಪೂಜೆಗೆ ಕೂತಾಗ ತೂಕಡಿಸಿದರೆ ಅಪ್ಪ ಬೆನ್ನಿಗೆ ಗುದ್ದುತ್ತಿದ್ದ. ಹಾಗೆ ನೋಡುತ್ತಾ ನಿದ್ದೆ ಹೋಗುವುದು ಪಾಪವೋ ಪುಣ್ಯವೋ ಎಂಬ ಇನ್ನೊಂದು ಗೊಂದಲ ಹೊತ್ತುಕೊಂಡು ಅವನು ಮನೆಗೆ ಬಂದ.

ಮೂರನೆಯ ವಾರದ ಗುರುವಾರ ರಾತ್ರಿ ಅದು ನಡೆಯಿತು. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿ ಸದ್ದುಗಳಿಗೆ ಹೆಸರಿಡುತ್ತಿದ್ದ. ಈ ಕೆಲಸ ಅವನಿಗೆ ಸುಲಭ, ಕತ್ತಲಿನ ಯಾವ ಸದ್ದು ಯಾರದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಯಿ. ಬಿಟ್ಟ. ಲಾರಿ, ಬೆಟ್ಟದ ರಸ್ತೆಯಲ್ಲಿ. ಬಿಟ್ಟ. ಗೂಬೆ. ಬಿಟ್ಟ. ಆಮೇಲೆ ಕರಕರ ಎಂದು ಜೋಳದ ದಂಟು ಮುರಿಯುವ ಸದ್ದು ಬಂತು, ಜೊತೆಗೆ ಮರಿಗಳ ಕುಂಯ್‌ಗುಡುವಿಕೆ. ಹಂದಿ. ಮರಿ ಹಾಕಿದ ಹೆಣ್ಣು, ಜೊತೆಗೆ ಇನ್ನೂ ನಾಲ್ಕೈದು. ತನ್ನ ಹೊಲದಲ್ಲಲ್ಲ, ಬದುವಿನಾಚೆ ಮಹದೇವುವಿನ ಜೋಳದಲ್ಲಿ. ತಂತಿಯ ಕೆಳಗೆ ಮಣ್ಣು ಕೆದರಿ ನುಗ್ಗಿವೆ.

ಒಂದು ಕಾಲು ಆಗಲೇ ಮಂಚದಿಂದ ಕೆಳಗಿತ್ತು. ಕೈ ಟಾರ್ಚಿಗೆ ಹೋಗಿತ್ತು. ಆಗ ಸೌಮ್ಯಳ ಮಾತು ನೆನಪಾಯಿತು. ಹೆಸರಿಟ್ಟು ಬಿಟ್ಟುಬಿಡಿ. ಅವನಿಗೆ ಸುಸ್ತಾಗಿತ್ತು, ಆರು ವಾರದ್ದಲ್ಲ, ಮೂವತ್ತೈದು ವರ್ಷದ್ದು. ಒಂದೇ ಒಂದು ಸಲ, ಶಿವನೇ, ಒಂದೇ ಒಂದು ಸಲ ಎಂದುಕೊಂಡ. ಕಾಲನ್ನು ಮಂಚದ ಮೇಲೆ ಎಳೆದುಕೊಂಡು ಕಂಬಳಿಯೊಳಗೆ "ಅಂದಿ" ಎಂದ. ಕರಕರ ಸದ್ದು ನಡೆದೇ ಇತ್ತು.

ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಹಾಲು ಕರೆಯದ ಹಸು ಕೊಟ್ಟಿಗೆಯಲ್ಲಿ ಅರಚಿಕೊಳ್ಳುತ್ತಿತ್ತು. ಅವನು ಮೊದಲು ಮಾಡಿದ ಕೆಲಸವೆಂದರೆ ಫೋನು. "ಮಲಗ್ದೆ ಕಣಮ್ಮಿ! ಬಿಸ್ಲು ಬರೋ ಗಂಟ ಮಲಗ್ದೆ!" ಎಂದು ಕೂಗಿದ.

ಆ ಕಡೆ ಅವಳು ಅವನ ದನಿಯಲ್ಲಿ ಆಕಳಿಕೆ ಇದೆಯೇ ಎಂದು ಹುಡುಕುತ್ತಿದ್ದಳೇನೋ. "ದಿಟಾನಾ?" ಎಂದಳು. "ಸೋಮ್ವಾರ ಬನ್ನಿ ಅಂಗಾರೆ. ಕರ್ಕಂಡೋಗಿ."

ಖುಷಿಯಿಂದ ಹಾಲು ಕರೆದು ಹೊರಗೆ ಬಂದರೆ ಮಹದೇವು ತನ್ನ ಹೊಲದ ಬದುವಿನ ಮೇಲೆ ನಿಂತಿದ್ದ. ಹತ್ತು ವರ್ಷ ಚಿಕ್ಕವನು, ರುದ್ರಸ್ವಾಮಿಯನ್ನು ಅಣ್ಣ ಎನ್ನುತ್ತಿದ್ದವನು. ಅವನ ಮುಂದೆ ಕಾಲು ಎಕರೆ ಜೋಳ ಚಾಪೆ ಹಾಸಿದಂತೆ ಮಲಗಿತ್ತು. "ಆ ತಂತಿ ನಂಬ್ಕಂಡು ಕೆಟ್ಟೆ ಕಣಣ್ಣ" ಎಂದ ಮಹದೇವು. ಬೈಯಲಿಲ್ಲ, ಕೂಗಾಡಲಿಲ್ಲ. ರುದ್ರಸ್ವಾಮಿ ಮುರಿದ ತೆನೆಯೊಂದನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟು ಬಂದ.

ಅಂದು ಮಧ್ಯಾಹ್ನವೇ ಉಪಕೇಂದ್ರಕ್ಕೆ ಹೋದ. ಬುಧವಾರದವರೆಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. "ನೀವ್ ಯೋಳ್ದಂಗೆ ಎಸ್ರಿಟ್ಟು ಬಿಟ್ಬುಟ್ಟೆ ಮೇಡಂ. ನಿದ್ದೇನೂ ಬಂತು. ಮಹದೇವು ಜೋಳಾನೂ ಓಯ್ತು."

ಸೌಮ್ಯ ಬಿ.ಪಿ. ಮಿಷಿನ್ ಕೈಲಿ ಹಿಡಿದವಳು ಹಾಗೇ ನಿಂತಳು. "ಅಯ್ಯಯ್ಯೋ ರುದ್ರಣ್ಣ! ನಿಜವಾದ ಹಂದಿ ಬಂದ್ರೆ ಎದ್ದು ಓಡಿಸ್ಬೇಕು! ನಾನು ಹೇಳಿದ್ದು ಮನಸ್ಸಿಗೆ ಬರೋ ಹಂದಿ!"

"ಮನ್ಸಿನ ಅಂದಿ ಯಾವ್ದು, ಒಲದ ಅಂದಿ ಯಾವ್ದು ಅಂತ ಕತ್ಲಲ್ಲಿ ಎಂಗೆ ಗೊತ್ತಾಗ್ಬೇಕು ಮೇಡಂ?" ಎಂದ ಅವನು. ಗೇಲಿಗೆ ಕೇಳಿದ ಮಾತಲ್ಲ, ಅಳುಮೋರೆ ಹಾಕಿಕೊಂಡು ಕೇಳಿದ. ಆಮೇಲೆ ತಲೆ ತಗ್ಗಿಸಿ ಇನ್ನೊಂದು ಮಾತು ಸೇರಿಸಿದ. "ನಂಗ್ ಗೊತ್ತಿತ್ತು ಬುಡಿ. ಅದು ಒಲದ್ದೇ ಅಂತ ಗೊತ್ತಿತ್ತು." ಸೌಮ್ಯ ಅವನಿಗೊಂದು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಕೊಡಲು ಅವಳ ಹತ್ತಿರ ಬೇರೇನೂ ಇರಲಿಲ್ಲ.

ಶುಕ್ರವಾರ, ಶನಿವಾರ ಎರಡು ರಾತ್ರಿಯೂ ರೆಪ್ಪೆ ಮುಚ್ಚಲಿಲ್ಲ. ಸೋಮವಾರಕ್ಕೆ ಹೆಂಡತಿ ಬರುತ್ತಾಳೆ. ಅವಳು ಬರುತ್ತಿರುವುದು ತಾನು ಮಲಗಿದ್ದಕ್ಕೆ. ಮಲಗಿದ್ದು ಪಕ್ಕದವನ ಜೋಳ ಹಂದಿಗೆ ಬಿಟ್ಟಿದ್ದಕ್ಕೆ. ಅಂದರೆ ಅವಳು ಮನೆಯಲ್ಲಿ ಉಳಿಯಬೇಕಾದರೆ ದಿನಾ ಹೀಗೇ ಬಿಡುತ್ತಾ ಹೋಗಬೇಕೇ? ಅಥವಾ ಎದ್ದು ಓಡಿಸಿ ಅವಳನ್ನು ಕಳೆದುಕೊಳ್ಳಬೇಕೇ? ಯಾವ ಕಡೆಯಿಂದ ಎಳೆದರೂ ಗಂಟು ಬಿಚ್ಚಲಿಲ್ಲ. ಭಾನುವಾರ ಸಂಜೆ ಸಾಕಾಗಿ ಮಹದೇವುವಿನ ಜಗುಲಿಗೆ ಹೋಗಿ ಕೂತ.

"ಲೇ ಮಹದೇವು, ಅವತ್ತು ನಂಗೆ ಕೇಳುಸ್ತು ಕಣ್ಲಾ. ಬೇಕೂ ಅಂತ್ಲೇ ಏಳ್ನಿಲ್ಲ."

ಕಾಲರ್ ಹಿಡಿದು ಎಳೆಯುತ್ತಾನೆ ಎಂದುಕೊಂಡಿದ್ದ. ಮಹದೇವು ಬೀಡಿ ಹಚ್ಚಿದವನು ಎಳೆಯದೆ ಹಾಗೇ ಹಿಡಿದುಕೊಂಡ. "ನಂಗೂ ಕೇಳುಸ್ತು ಕಣಣ್ಣ" ಎಂದ.

"ಯಾನ?"

"ರುದ್ರಣ್ಣ ಏಳ್ತಾನೆ ಬುಡು ಅಂತ ಮಗ್ಗುಲು ಬದ್ಲಾಯ್ಸಿ ಮಲಿಕಂಡೆ. ನಾಕು ವರ್ಸದಿಂದ ಅಂಗೇ ತಾನೇ. ನಾನೊಬ್ನೇ ಅಲ್ಲ, ಮ್ಯಾಲಿನ ಮನೆಯೋರೂ ಅಷ್ಟೇಯ. ನಿನ್ ಡಬ್ಬ ಕೇಳ್ತಿದ್ದಂಗೆ ನಮ್ಗೆಲ್ಲ ಸುಖವಾಗ್ ನಿದ್ದೆ."

ರುದ್ರಸ್ವಾಮಿ ಅವನ ಮುಖ ನೋಡಿದ. ಊರಿಗೆ ಊರೇ ನಾಲ್ಕು ವರ್ಷದಿಂದ ತನ್ನ ನಿದ್ದೆಯನ್ನು ಕಿತ್ತುಕೊಂಡು ಹೊದ್ದು ಮಲಗಿತ್ತು! ತನಗೆ ಹರಳೆಣ್ಣೆ ತಿಕ್ಕು ಎಂದವರೂ ಇವರೇ. ಕಪಾಳಕ್ಕೆ ಬಾರಿಸೋಣ ಎನಿಸಿತು, ಅದರ ಬೆನ್ನಿಗೇ ಎಲ್ಲೋ ಒಂದು ಮೂಲೆಯಲ್ಲಿ ಹೆಮ್ಮೆಯೂ ಆಯಿತು, ಹೆಮ್ಮೆಯಾಗಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. "ಥೂ ನಿಮ್ ಮಕ್ಕೆ" ಎಂದು ಎದ್ದು ಬಂದ. ಯಾರಿಗೆ ಉಗಿದನೋ ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಸೋಮವಾರ ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ಅಗರ ತಲುಪುವ ಹೊತ್ತಿಗೆ ಹತ್ತು ಗಂಟೆ. ಭಾಮೈದ ಶಿವಮಲ್ಲಪ್ಪ ಬಾಗಿಲಿಗೇ ಬಂದು ಕೈ ಹಿಡಿದ. "ಅಂತೂ ನಿದ್ದೆ ಬಂತಂತಲ್ಲ ಭಾವ! ಊರಿಗೆಲ್ಲ ಸಿಹಿ ಹಂಚ್ಬೇಕು ನೀವು" ಎಂದು ನಗಾಡಿದ. ಅವನ ಹೆಂಡತಿ ಶಿವರತ್ನಮ್ಮ ಕಾಫಿ ತಂದಿಟ್ಟಳು. ಕೋಣೆಯಲ್ಲಿ ದೊಡ್ಡಬಸಮ್ಮ ಸೀರೆ ಮಡಿಸಿ ಚೀಲಕ್ಕಿಡುತ್ತಿದ್ದಳು. ಆರು ವಾರ ತವರಿನಲ್ಲಿದ್ದರೂ ಅವಳ ಕಣ್ಣ ಕೆಳಗಿನ ಕಪ್ಪು ಹಾಗೇ ಇತ್ತು. ಅವನು ಕಾಫಿ ಮುಟ್ಟದೆ ಕೋಣೆಯ ಬಾಗಿಲಲ್ಲಿ ನಿಂತ.

ಸುಮ್ಮನಿದ್ದಿದ್ದರೆ ಅವಳು ಬಂದೇ ಬರುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ, ಹಂದಿ ಬಂದದ್ದು, ಕಾಲು ಮೇಲೆಳೆದುಕೊಂಡದ್ದು, ಮಹದೇವುವಿನ ಜೋಳ, ಎಲ್ಲವನ್ನೂ. "ಇನ್ನೊಂದ್ ದಪ ಬಂದ್ರೆ ಏಳ್ತೀನಿ ಕಣಮ್ಮಿ. ಬಿಟ್ಬುಡಾಕೆ ನನ್ ಕೈಲಾಗಲ್ಲ. ನಂಗೆ ನಿದ್ದೆ ಬಂದುಬುಡ್ತು ಅಂತ ನಂಬ್ಕಂಡು ನೀ ಬರ್ಬ್ಯಾಡ."

ದೊಡ್ಡಬಸಮ್ಮ ಅರ್ಧ ಮಡಿಸಿದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಾತಾಡಿದ್ದು ಅಡುಗೆಮನೆಯಲ್ಲಿದ್ದ ಶಿವರತ್ನಮ್ಮ. "ಅವ್ರಿಗೆ ಇಲ್ಲೆಲ್ಲಿ ನಿದ್ದೆ ಬಂದಾದು, ಅಣ್ಣಾ? ರಾತ್ರಿಯೆಲ್ಲ ಜಗ್ಲಿ ಮ್ಯಾಲೆ ಕುಂತಿರ್ತಾರೆ."

ರುದ್ರಸ್ವಾಮಿಗೆ ಅರ್ಥವಾಗಲಿಲ್ಲ. "ಇಲ್ಲಿ ಡಬ್ಬದ ಸದ್ದೇ ಇಲ್ವಲ್ಲ" ಎಂದ.

"ಅದ್ಕೇಯ" ಎಂದಳು ದೊಡ್ಡಬಸಮ್ಮ. ಆಮೇಲೆ ಸೀರೆಯ ಅಂಚನ್ನೇ ನೋಡುತ್ತಾ ಹೇಳಿದಳು. "ಡಬ್ಬ ಯಾವತ್ತು ನಂಗೆ ತೊಂದ್ರೆ ಕೊಟ್ಟಿತ್ರೀ? ಅದು ಬಡೀತಿರೋ ಗಂಟ ನೀವು ಬದ್ಕಿದ್ದೀರಿ ಅಂತ ಗೊತ್ತಾಯ್ತಿತ್ತು. ಡಬ್ಬ ನಿಂತ್ ಮ್ಯಾಲೆ, ನೀವು ಬಂದು ಬಾಗ್ಲು ತೆಗ್ಯೋ ಗಂಟ ಐತಲ್ಲ, ಅದ್ನ ತಡ್ಕಳಾಕಾಗ್ತಿರ್ನಿಲ್ಲ. ಕವಿತ ಒಟ್ಟೇಲಿದ್ದಾಗ ಆನೆ ನಿಮ್ ಅಟ್ಟಣೆ ಮರ ಅಲ್ಲಾಡ್ಸ್ತು ಅಂತ ಬೆಳಿಗ್ಗೆ ಬಂದು ನಕ್ಕಂಡು ಕತೆ ಯೋಳಿದ್ರಲ್ಲ. ಅವತ್ತಿಂದ ಇಂಗೇಯ. ಕಣ್ಣಿಗೆ ಕಾಣ್ದಂಗೆ ದೂರ ಇದ್ರೆ ಬಯ ಓಯ್ತದೇನೋ ಅಂತ ಇಲ್ಲಿಗ್ ಬಂದೆ. ಇಲ್ಲಿ ಡಬ್ಬಾನೂ ಕೇಳ್ದು, ಬಾಗ್ಲೂ ಕೇಳ್ದು."

ಇಷ್ಟು ವರ್ಷ ಕತ್ತಲಿನ ಪ್ರತಿ ಸದ್ದಿಗೂ ಹೆಸರಿಟ್ಟವನಿಗೆ ಗೋಡೆಯಾಚೆ ಒಬ್ಬಳು ಎದ್ದು ಕೂತಿದ್ದು ಗೊತ್ತಾಗಿರಲಿಲ್ಲ. "ಒಂದಿನಾನಾದ್ರೂ ಯಾಕಮ್ಮಿ ಯೋಳ್ನಿಲ್ಲ?" ಎಂದ.

"ರಾತ್ರಿ ಒತ್ತು ಮನೇಲಿದ್ರಾ ನೀವು, ಯೋಳಾಕೆ?" ಎಂದು ಅವಳು ಮೂಗೊರೆಸಿಕೊಂಡು ಸೀರೆಯನ್ನು ಚೀಲಕ್ಕೆ ತುರುಕಿದಳು. "ಇನ್ಮ್ಯಾಕೆ ಏಳೋವಾಗ ನನ್ನೂ ಎಬ್ಸಿ. ಇಬ್ರೂ ಓಗಿ ಬಡ್ಯಾನ. ಆ ಮಹದೇವೂನೂ ಎಬ್ಸಾನ. ನಡೀರಿ, ಬಸ್ಸು ತಪ್ಪೋಯ್ತದೆ."

ಸೋಮವಾರವಾದ್ದರಿಂದ ಬೆಟ್ಟದ ಬಸ್ಸು ಮಾದಪ್ಪನ ಭಕ್ತರಿಂದ ತುಂಬಿ ತುಳುಕುತ್ತಿತ್ತು. ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ದೊಡ್ಡಬಸಮ್ಮ ಕಿಟಕಿಯಿಂದ ಟವೆಲು ಹಾಕಿ, ಇಬ್ಬರು ಗಂಡಸರನ್ನು ಬೈದು, ಹಿಂದಿನ ಸೀಟು ಹಿಡಿದಳು. ಕಾಮಗೆರೆ ಬರುವುದರೊಳಗೆ ಅವಳ ತಲೆ ಅವನ ಭುಜಕ್ಕೆ ವಾಲಿತು. ಆಮೇಲೆ ಬಾಯಿ ಅರೆತೆರೆದು ಸಣ್ಣಗೆ ಗೊರಕೆ ಬಂತು. ಹನೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು, ಕಡಲೆಕಾಯಿಯವನು ಕಿಟಕಿಯ ಹತ್ತಿರವೇ ಬಂದು ಅರಚಿದ, ಮೇಲಿಂದ ಯಾರದೋ ಚೀಲ ಬಿತ್ತು. ಅವಳು ಮಿಸುಕಲಿಲ್ಲ.

ರುದ್ರಸ್ವಾಮಿಯ ತೋಳು ಜೋಮು ಹಿಡಿದಿತ್ತು. ಅವಳ ಉಸಿರು ಕತ್ತಿಗೆ ಬಿಸಿಯಾಗಿ ತಾಕುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಾಕುತ್ತಿತ್ತು. ಇದು ನೋಡುವುದೋ ಕಾಯುವುದೋ ಎಂದು ಆ ಮೇಡಂ ಹತ್ತಿರ ಕೇಳಬೇಕು ಎಂದುಕೊಂಡ. ಕೇಳುವ ಅಗತ್ಯವೂ ಇದೆಯೇ ಎಂಬುದು ತಿಳಿಯಲಿಲ್ಲ. ತನಗೆ ನಿದ್ದೆ ಬರಲಿ ಎಂದು ಆ ಹೊತ್ತಿನಲ್ಲಿ ಅವನಿಗೆ ಒಂದಿಷ್ಟೂ ಅನಿಸಲಿಲ್ಲ.

ಊರಿನ ಸ್ಟಾಪು ಬಂತು. ಬಸ್ಸು ನಿಂತಿತು. "ಯಾರ್ರೀ ಇಳಿಯೋರು, ಬೇಗ ಬೇಗ" ಎಂದು ಕಂಡಕ್ಟರ್ ಕೂಗಿದ. ರುದ್ರಸ್ವಾಮಿ ಏಳಲಿಲ್ಲ. ಬಸ್ಸು ಹೊರಟಿತು. ಕಂಡಕ್ಟರ್ ಜನರ ನಡುವೆ ನುಸುಳಿಕೊಂಡು ಹಿಂದೆ ಬಂದ. "ಏನ್ ಯಜಮಾನ್ರೇ, ನೀವು ಇಲ್ಲೇ ಇಳೀಬೇಕಿತ್ತಲ್ಲ?"

ರುದ್ರಸ್ವಾಮಿ ತುಟಿಯ ಮೇಲೆ ಬೆರಳಿಟ್ಟು ಭುಜದ ಕಡೆ ಕಣ್ಣು ಮಾಡಿದ. ಕಂಡಕ್ಟರ್ ದನಿ ತಗ್ಗಿಸಿದ. "ಅಮ್ಮಂಗೆ ಫ್ರೀ. ನಿಮ್ಗೆ ಮುಂದಕ್ಕೆ ಟಿಕೆಟ್ ಆಗ್ಬೇಕು. ಎಲ್ಲಿಗ್ ಕೊಡ್ಲಿ? ಕೌದಳ್ಳಿಗಾ, ತಾಳಬೆಟ್ಟಕ್ಕಾ?"

"ಇವ್ಳು ಎಲ್ಲಿ ಏಳ್ತಾಳೋ ಅಲ್ಲೀಗೆ ಕೊಡಪ್ಪ."

"ಆ ಸ್ಟೇಜು ನಮ್ ಮಿಷಿನ್ನಲ್ಲಿ ಇಲ್ವಲ್ಲ, ಯಜಮಾನ್ರೇ."

"ಅಂಗಾರೆ ಕಡೇ ಸ್ಟಾಪಿಗೇ ಕೊಟ್ಬುಡು" ಎಂದು ರುದ್ರಸ್ವಾಮಿ ಪಿಸುಗುಟ್ಟಿದ, ಬಲಗೈ ಅವಳ ತಲೆಯ ಕೆಳಗಿದ್ದುದರಿಂದ ಎಡಗೈಯಲ್ಲೇ ಜೇಬು ತಡಕಾಡತೊಡಗಿದ.